ಹಲ್ಲಿನ ನಡುವೆ ಏಲಕ್ಕಿ

ಜನವರಿ 7, 2025. ಮಂಗಳವಾರ. ಸಂಜೆ, ರೈಲಿನಲ್ಲಿ

ಮಿದುಳಿನ ರಕ್ತದ ಹರಿವನ್ನು ಬೆಳಕಿನಿಂದ ಅಳೆಯುವ ಕ್ಯಾಪಿನ ಪೆಟ್ಟಿಗೆ ತೊಡೆಯ ಮೇಲೇ. ಮೇಲಿನ ರ‍್ಯಾಕಿನಲ್ಲಿಡಲು ಧೈರ್ಯವಿಲ್ಲ. ಪ್ರತಿ ಮಂಗಳವಾರ ಹೀಗೇ — ಬೆಳಿಗ್ಗೆ ಸಂಭಾಜಿನಗರದ ಲ್ಯಾಬಿನಿಂದ ನಾಸಿಕ್, ಸಂಜೆ ವಾಪಸ್. ಫಿಸಿಯೋ ಸೆಂಟರಿನಲ್ಲಿ ಇಂದು ಆರು ಜನ. ಐವರದು ಬೇಗ ಮುಗಿಯಿತು.

ಆರನೆಯವರು ಮನ್ಮಥಪ್ಪ. ಬೀದರ ಕಡೆಯವರು, ಓಝರ್ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಕಳೆದ ಜುಲೈನಲ್ಲಿ ಲಕ್ವಾ ಹೊಡೆದು ಎಡಗೈ ಬಿದ್ದಿದೆ. ತಲೆ ತುಂಬ ಕೂದಲು. ಅದಕ್ಕೆ ಎಣ್ಣೆ ಬೇರೆ. ಕೂದಲು ಅಡ್ಡ ಬಂದರೆ ಕ್ಯಾಪಿನ ಬೆಳಕು ಒಳಗೆ ಹೋಗುವುದಿಲ್ಲ. ಒಂದೊಂದು ದೀಪದ ಕೆಳಗೂ ಇಯರ್‌ಬಡ್ ಕಡ್ಡಿಯಿಂದ ಬೈತಲೆ ತೆಗೆದೆ, ಮುಕ್ಕಾಲು ಗಂಟೆ. ಎಣ್ಣೆ ತಾವೇ ಹಚ್ಚಿದ್ದು ಎಂದು ಹೆಂಡತಿ ಚನ್ನಮ್ಮ ಒಪ್ಪಿಕೊಂಡರು. ತಲೆ ತಂಪಾಗಿರಲಿ ಅಂತ.

ಎಡಗೈ ಮುಷ್ಟಿ ಹಿಡಿಯಲು ಯತ್ನಿಸಿ ಎಂದೆ, ಇಪ್ಪತ್ತು ಸೆಕೆಂಡ್. ಬಿಡಿ, ಇಪ್ಪತ್ತು ಸೆಕೆಂಡ್. ಹೀಗೆ ಹತ್ತು ಸಲ. ಕೈ ಅಲುಗಲಿಲ್ಲ.

ಹೋಗುವಾಗ ಮನ್ಮಥಪ್ಪ ಹೇಳಿದರು — ಸ್ವಯಂನಿವೃತ್ತಿಗೆ ವಿಆರ್‌ಎಸ್ ಅರ್ಜಿ ಬರೆದಾಗಿದೆಯಂತೆ. ಇನ್ನೊಂದು ವಾರ ಬಂದು, ಆಮೇಲೆ ಈ ಕಸರತ್ತು ಸಾಕು ಎಂದರು.

ಜನವರಿ 14. ಮಂಗಳವಾರ

ತಪ್ಪು ಮಾಡಿದೆನೋ ಏನೋ. ಆದರೂ ಮನಸ್ಸು ಹಗುರವಾಗಿದೆ.

ಮನ್ಮಥಪ್ಪನವರ ಸರದಿಯಲ್ಲಿ ಕ್ಯಾಪಿಗೆ ಜೋಡಿಸಿದ ಪರದೆಯ ಬಲಭಾಗ ಕೆಂಪಾಯಿತು. ಹತ್ತಕ್ಕೆ ಎಂಟು ಸಲ! ಎಡಗೈಯನ್ನು ಆಡಿಸುವುದು ಬಲ ಮಿದುಳು. ಅಲ್ಲಿ ಸತ್ತ ಜಾಗದ ಪಕ್ಕದ್ದು ಕೆಲಸ ಕಲಿಯತೊಡಗಿದರೆ ಹೀಗೇ ಕಾಣಬೇಕು. ಅಧ್ಯಯನ ಮುಗಿಯುವವರೆಗೆ ರೋಗಿಗೆ ಏನೂ ಹೇಳಬಾರದೆಂದು ಲ್ಯಾಬಿನ ಮುಖ್ಯಸ್ಥೆ ಅಲಕಾ ಮೇಡಂ ಕಟ್ಟುನಿಟ್ಟು ಮಾಡಿದ್ದಾರೆ.

ಹೇಳಿಬಿಟ್ಟೆ. ಈ ಬೆಳಕು ಬುರುಡೆ ದಾಟಿ ಬೆರಳಗಲ ಒಳಗೆ ಹೋಗಿ ಮರಳುತ್ತದೆ, ಮಿದುಳು ಎಲ್ಲಿ ದುಡಿಯುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ, ನಿಮ್ಮದು ದುಡಿಯುತ್ತಿದೆ ಎಂದೆ. ಅವರು ಪರದೆಯನ್ನೇ ನೋಡಿದರು. ಚನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಚೀಲದಿಂದ ಸಂಕ್ರಾಂತಿಯ ಎಳ್ಳುಬೆಲ್ಲದ ಉಂಡೆ, ತಿಳಗುಳದ ಪೊಟ್ಟಣ ತೆಗೆದು ಇಡೀ ನನಗೇ ಕೊಟ್ಟರು.

ಜನವರಿ 17. ಮಧ್ಯಾಹ್ನ, ಲ್ಯಾಬ್

ಒಂದು ಕೇಬಲ್ ಸಡಿಲವಾಗಿತ್ತು. ನೋಡಲೆಂದು ಕ್ಯಾಪ್ ನನ್ನ ತಲೆಗೇ ಹಾಕಿಕೊಂಡೆ. ಕೈ ಮೇಜಿನ ಮೇಲೆ ಸುಮ್ಮನೆ. ಬಾಯಲ್ಲಿ ಚನ್ನಮ್ಮನವರ ತಿಳಗುಳ. ಬಲು ಗಟ್ಟಿ. ಬಲ ದವಡೆಯಲ್ಲಿ ಕಡಿದೆ.

ಪರದೆ ಕೆಂಪಾಯಿತು. ಅದೇ ಜಾಗ, ಬಲಗಿವಿಯ ಮೇಲೆ.

ಮತ್ತೆ ಕಡಿದೆ. ಮತ್ತೆ ಕೆಂಪು…

ಮಂಗಳವಾರದ ವಿಡಿಯೊ ತೆಗೆದು ನೋಡಿದೆ. ಮುಷ್ಟಿ ಎಂದಾಗಲೆಲ್ಲ ಮನ್ಮಥಪ್ಪ ಹಲ್ಲು ಕಚ್ಚುತ್ತಾರೆ. ದವಡೆ ಉಬ್ಬುವುದು ಸ್ಪಷ್ಟವಾಗಿ ಕಾಣುತ್ತದೆ. ನಾನು ನೋಡಿದ್ದು ದವಡೆಯ ಸ್ನಾಯುವಿನ ರಕ್ತ. ಮಿದುಳಿನದಲ್ಲ.

ಸಂಜೆ

ಅಲಕಾ ಮೇಡಂಗೆ ಎಲ್ಲ ಹೇಳಿದೆ. ವಿಡಿಯೊ ತಾವೇ ಮತ್ತೊಮ್ಮೆ ನೋಡಿದರು. ಆಮೇಲೆ, ಮನ್ಮಥಪ್ಪನವರ ಎರಡೂ ದಿನದ ರೀಡಿಂಗ್ ಕೈಬಿಡು, ಹೇಳಿದವಳೇ ಹೋಗಿ ಸರಿಮಾಡು, ಫೋನಿನಲ್ಲಿ ಬೇಡ ಎಂದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ.

ಜನವರಿ 21. ಮಂಗಳವಾರ

ಹೇಳಿದೆ. ಮನ್ಮಥಪ್ಪನವರಿಗೆ ಕ್ಯಾಪ್ ಹಾಕುವ ಮೊದಲೇ. ಹಲ್ಲು ಕಚ್ಚಿದ್ದು, ನಾನು ಅವಸರ ಮಾಡಿದ್ದು, ಎಲ್ಲ.

ವಿಆರ್‌ಎಸ್ ಅರ್ಜಿ ಏನಾಯಿತು ಎಂದು ಕೇಳಬೇಕೆಂದಿದ್ದೆ. ಅವರೇ ಹೇಳಿದರು. ಸಂಕ್ರಾಂತಿ ದಿನವೇ ಹರಿದು ಹಾಕಿದರಂತೆ. ಕ್ಷಮಿಸಿ ಎಂದೆ.

“ನಿಮ್ಮ ಮಶೀನ್ ನೋಡಿ ಹರದಿಲ್ರಿ ಅದನ್ನ,” ಎಂದರು. “ಹರಿಯಾಕ ಒಂದು ನೆಪ ಬೇಕಾಗಿತ್ತು. ಸಿಕ್ತು.”

ಕ್ಯಾಪಿಗೆ ತಲೆ ಒಡ್ಡಿ ಕೇಳಿದರು — “ಹಲ್ಲು ಕಚ್ಚದಂಗ ಹ್ಯಾಂಗ ಮಾಡ್ಬೇಕು, ಅದ ಹೇಳ್ರಿ.”

ಚನ್ನಮ್ಮ ಪರ್ಸಿನಿಂದ ಒಂದು ಏಲಕ್ಕಿ ತೆಗೆದು ಗಂಡನ ಹಲ್ಲಿನ ನಡುವೆ ಇಟ್ಟರು. ಕಚ್ಚಿದರೆ ಒಡೆಯುತ್ತದೆ, ಘಮ್ಮೆಂದು ಕೋಣೆಗೆಲ್ಲ ಗೊತ್ತಾಗುತ್ತದೆ! ಹತ್ತು ಸಲಕ್ಕೆ ಏಳು ಏಲಕ್ಕಿ ಒಡೆದವು. ಮೂವರೂ ನಕ್ಕೆವು.

ಏಲಕ್ಕಿ ಒಡೆಯದ ಮೂರು ಸಲ ಪರದೆಯಲ್ಲಿ ಏನೂ ಇರಲಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ. ಈ ಸಲ ನಿಯಮದ ಪ್ರಕಾರ.

ಫೆಬ್ರವರಿ 18. ಮಂಗಳವಾರ. ರೈಲಿನಲ್ಲಿ

ನಾಲ್ಕು ವಾರ ಬರೆದೇ ಇಲ್ಲ. ಬರೆಯುವಂಥದ್ದು ಇರಲಿಲ್ಲ.

ಇಂದು ಒಂದೂ ಏಲಕ್ಕಿ ಒಡೆಯಲಿಲ್ಲ. ಪರದೆಯ ಬಲಕ್ಕೆ, ಕಿವಿಯಿಂದ ಬಹಳ ಮೇಲೆ, ಕೈಯ ಜಾಗದಲ್ಲಿ ತೆಳುವಾಗಿ ಕೆಂಪು. ಹತ್ತಕ್ಕೆ ಆರು ಸಲ. ಉಸಿರು, ನಾಡಿ, ದವಡೆ ಎಲ್ಲ ತಾಳೆ ನೋಡಿದೆ. ಮುಖದಲ್ಲಿ ಏನೂ ತೋರಗೊಡಬಾರದೆಂದು ಕೇಬಲ್ ಸುತ್ತುತ್ತ ಕೂತೆ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದೆ.

ಮನಮಾಡ್ ಸ್ಟೇಷನ್ನಿನಲ್ಲಿ ಚಹಾ ಕುಡಿದೆ. ಬಹಳ ರುಚಿಯಾಗಿತ್ತು.

ಫೆಬ್ರವರಿ 20

ಯಾರದೆಂದು ಹೇಳದೆ ರೀಡಿಂಗನ್ನು ಅಲಕಾ ಮೇಡಂ ಮುಂದಿಟ್ಟೆ. ಎರಡು ಗಂಟೆ ಕೆದಕಿದರು. ಕೊನೆಗೆ, ಇದು ಮಿದುಳೇ ಎಂದರು. ಈಗಲಾದರೂ ಬಾಯಿ ಮುಚ್ಚಿಕೊಂಡಿರು ಎಂದೂ ಸೇರಿಸಿದರು. ಇರುತ್ತೇನೆ.

ಮಾರ್ಚ್ 11. ಮಂಗಳವಾರ

ಹೆಬ್ಬೆರಳು ಮಡಚಿತು. ಎಡಗೈಯದು. ಅಕ್ಕಿಕಾಳಿನಷ್ಟು. ನನಗಿಂತ ಮೊದಲು ಚನ್ನಮ್ಮ ಕಂಡರು. ಎದ್ದು ಬಂದು ಆ ಬೆರಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತರು. ಇಪ್ಪತ್ತು ಸೆಕೆಂಡ್ ಮುಗಿದು ಎಷ್ಟೋ ಹೊತ್ತಾಗಿತ್ತು. ಬಿಡಿ ಎಂದು ಹೇಳಲು ಮರೆತಿದ್ದೆ.

ಮಾರ್ಚ್ 25. ಮಂಗಳವಾರ

ಅಧ್ಯಯನ ಮುಗಿಯಿತು. ಇನ್ನು ಹೇಳಬಹುದು. ಮನ್ಮಥಪ್ಪ ಓಝರಿನ ಮನೆಗೇ ಊಟಕ್ಕೆ ಕರೆದರು. ಕಟಕ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಚಟ್ನಿ. ಫೆಬ್ರವರಿ ಮತ್ತು ಮಾರ್ಚಿನ ಎರಡು ಚಿತ್ರ ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ. ಮೊದಲಿನದರಲ್ಲಿ ಮಸುಕು, ಎರಡನೆಯದರಲ್ಲಿ ದಟ್ಟ. “ಇದು ನಿಜಾನಾ, ಇಲ್ಲಾ ಹಲ್ಲಾ?” ಎಂದು ಕೇಳಿದರು. ನಿಜ ಎಂದೆ.

ಜೂನ್‌ನಿಂದ ಸ್ಟೋರ್ಸ್ ವಿಭಾಗದಲ್ಲಿ ಹಗುರ ಕೆಲಸ ಕೊಡುತ್ತಾರಂತೆ. ಮುಷ್ಟಿ ಇನ್ನೂ ಪೂರ್ತಿ ಬಂದಿಲ್ಲ. ಬರದೆಯೂ ಇರಬಹುದು. ಅದನ್ನೂ ಹೇಳಿದೆ. ತಲೆಯಾಡಿಸಿದರು.

ಹೊರಡುವಾಗ ಮನ್ಮಥಪ್ಪ ಮತ್ತೆ ಕೂರಿಸಿದರು, ದ್ರಾಕ್ಷಿ ತಿಂದು ಹೋಗಬೇಕೆಂದು. ಒಳಗೆ ಹೋಗಿ ತಟ್ಟೆ ತಾವೇ ತಂದರು. ಬಲಗೈ ಒಂದು ಅಂಚಿಗೆ, ಎಡಗೈ ಇನ್ನೊಂದು ಅಂಚಿಗೆ. ಅಡುಗೆಮನೆ ಹೊಸ್ತಿಲು ದಾಟಿದರು. ಎಡಕ್ಕೆ ತಟ್ಟೆ ವಾಲಿತು. ಎರಡು ದ್ರಾಕ್ಷಿ ಉರುಳಿ ನೆಲಕ್ಕೆ ಬಿದ್ದವು. ನಾನು ಏಳಲಿಲ್ಲ. ಚನ್ನಮ್ಮನೂ ಏಳಲಿಲ್ಲ. ಮನ್ಮಥಪ್ಪ ನಿಂತರು, ತಟ್ಟೆ ನೆಟ್ಟಗೆ ಮಾಡಿಕೊಂಡರು, ಮತ್ತೆ ಹೆಜ್ಜೆ ಇಟ್ಟರು.