ದೋಣಿಯವಳನ್ನು ಎಸೆಯದ ಆಟ

ಕೋಲಾರದ ಕೆಳಪೇಟೆ
ತಂಪುಮಾಸದ ನಲವತ್ತೊಂದನೆಯ ದಿನ, ೨೨೪೭

ರಾಜರಾಣಿಯರ ಕಥೆಗಳಿಂದ ಎಲೆಯಾಟ ಕಟ್ಟುವ ಪೂರ್ವಿಕರಿಗೆ,

ನಿಮ್ಮ ಪಂಚಾಂಗದಲ್ಲಿ ಇಂಥ ತಿಂಗಳಿಲ್ಲ, ಯಾವ ತಿಂಗಳಿಗೂ ನಲವತ್ತೊಂದನೆಯ ದಿನವಿಲ್ಲ ಎಂಬುದನ್ನು ಬಲ್ಲೆ. ನಮ್ಮ ತಂಪುಮಾಸ ಚಂದ್ರನನ್ನು ಕೇಳಿ ಮುಗಿಯುವುದಿಲ್ಲ; ನೆಲದ ಮೇಲೆ ಬರಿಗಾಲಿಡಲಾಗದಷ್ಟು ಬಿಸಿಲೇರಿದಾಗ ಮುಗಿಯುತ್ತದೆ. ನನ್ನ ಮಾತುಗಳು ನಿಮ್ಮ ಕಿವಿಗೆ ಒರಟಾದರೆ ಕ್ಷಮಿಸಿ. ಕ್ಷಮೆ ಕೇಳುವುದು ಇದೊಂದಕ್ಕೆ ಮಾತ್ರ, ಮುಂದೆ ಹೇಳುವುದಕ್ಕಲ್ಲ.

ನಾನು ಕೋದಂಡಪ್ಪ. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತನ್ನೇ ಹಿಡಿದು ಅವನನ್ನು ಕೆಡವುವವನೆಂದು ಹೆಸರಾಗಿದ್ದೆ. ಈಗ ಮಗಳನ್ನು ಕಳೆದುಕೊಂಡ ತಂದೆ.

ಚಿನ್ನ ಮುಗಿದುಹೋದ ಗಣಿಯ ಸುರಂಗಗಳಲ್ಲಿ ನಾವು ಹಗಲು ಕಳೆಯುತ್ತೇವೆ. ಬೆಳಗಾದೊಡನೆ ಊರಿಗೆ ಊರೇ ಕೆಳಗಿಳಿಯುವ ಸಮಯವನ್ನು ಇಳಿಹೊತ್ತು ಎನ್ನುತ್ತೇವೆ. ಸಂಜೆ ಮೇಲೆ ಬಂದು ರಾಗಿ ಹೊಲ ನೋಡುವುದು ಏರುಹೊತ್ತು. ಇವೆರಡರ ನಡುವೆ ಕೆಳಗೆ ಮಾಡಲು ಹೆಚ್ಚಿನ ಕೆಲಸವಿಲ್ಲ, ಬೆಳಕೂ ಕಡಿಮೆ. ಮೇಜಿಗೊಂದರಂತೆ ದೀಪ ಹಂಚುತ್ತಾರೆ. ಅದರ ಸುತ್ತ ಕುಳಿತವರು ಎಲೆಯಾಡುತ್ತಾರೆ. ಎಲೆಗಳು ಹಳೆಯ ಮೈಸೂರು ಗಂಜೀಫಾದಂತೆ ದುಂಡಗಿದ್ದು, ಮಬ್ಬಿನಲ್ಲೂ ಬೆರಳು ಓದಬಲ್ಲಂತೆ ಅಂಚಿನಲ್ಲಿ ಉಬ್ಬುಗೆರೆಗಳಿರುತ್ತವೆ. ಯಾವ ಆಟಕ್ಕೆ ದೀಪ ಕೊಡಬೇಕೆಂದು ತೀರ್ಮಾನಿಸುವುದು ಆಟಸಭೆ. ಅನ್ನಕ್ಕೂ ಗಾಳಿಗೂ ಇರುವಷ್ಟೇ ಕಟ್ಟುನಿಟ್ಟು ನಮ್ಮಲ್ಲಿ ಆಟಕ್ಕೂ ಇದೆ.

ನನ್ನ ಮಗಳು ಅಲಮೇಲು ಕಟ್ಟಿದ ಆಟದ ಹೆಸರು ದುಂಡುಸಭೆ. ಅವಳು ನಿಯಮ ಬರೆದಳು. ಅವಳ ಜೊತೆಗಾರ ಸಂಪಂಗಿ ಚಿತ್ರ ಬರೆದ. ಕಲ್ಲಿನಿಂದ ಖಡ್ಗ ಕಿತ್ತು, ತನ್ನ ವೀರರನ್ನು ಮೇಲುಕೀಳಿಲ್ಲದ ದುಂಡುಮೇಜಿನ ಸುತ್ತ ಕೂರಿಸಿದ ಬ್ರಿಟನ್ನಿನ ಅರಸನ ಕಥೆಯನ್ನು ಅವಳು ನಮ್ಮ ಅಡಗೂಲಜ್ಜಿಯ ಕಥೆಗಳೊಡನೆ ಹೆಣೆದಿದ್ದಳು. ರಾಕ್ಷಸ ಒಬ್ಬನ ಕೈಯಲ್ಲಿದ್ದರೆ ಅವನ ಪ್ರಾಣವಿರುವ ಗಿಳಿ ಇನ್ನೊಬ್ಬನ ಕೈಯಲ್ಲಿ. ಖಡ್ಗಕ್ಕಿಂತ ಅದರ ಒರೆಗೇ ಬೆಲೆ ಹೆಚ್ಚು, ಏಕೆಂದರೆ ಒರೆ ಹೊತ್ತವನ ಗಾಯ ರಕ್ತ ಸುರಿಸದು. ಆದರೂ ಆಡುವವರೆಲ್ಲ ಖಡ್ಗಕ್ಕೇ ಕೈಚಾಚುತ್ತಿದ್ದರು. ಅರಸ ಗಾಯಗೊಂಡಾಗ ಹೆಂಗಸರು ಅವನನ್ನು ದೋಣಿಯಲ್ಲಿ ನೀರಿನಾಚೆಗೆ ಒಯ್ಯುತ್ತಾರೆ, ಅವನು ಒಂದು ದಿನ ಮರಳುತ್ತಾನೆ ಎಂದು ಮೂಲಕಥೆ ನಂಬುತ್ತದೆ. ಇಲ್ಲಿ ಅಲಮೇಲು ನಮ್ಮ ಮನೆಮಾತನ್ನು ತಂದಳು. ಹೊಸ್ತಿಲು ದಾಟುವಾಗ ನಾವು ಯಾರೂ ಹೋಗ್ತೀನಿ ಎನ್ನುವುದಿಲ್ಲವಷ್ಟೆ. ಅವಳ ಆಟದಲ್ಲಿ ಅರಸನನ್ನು ದೋಣಿಗೆ ಹತ್ತಿಸುವವರು “ಹೋಗಿಬರ್ತೀನಿ” ಎನ್ನಬೇಕು. ಆಗ ದೋಣಿ ನಡೆಸುವ ಹೆಣ್ಣಿನ ಎಲೆ, ದೋಣಿಯವಳು, ಅವನ ಪಕ್ಕದಲ್ಲಿ ಕಾವಲಿರುತ್ತಾಳೆ. ಸುತ್ತು ಮುಗಿದ ಮೇಲೆ ಇಬ್ಬರೂ ಕೈಗೆ ಮರಳುತ್ತಾರೆ. ಬಾಯಿತಪ್ಪಿ “ಹೋಗ್ತೀನಿ” ಎಂದರೆ ಅರಸ ಹೋದಂತೆಯೇ. ಒಮ್ಮೆ ನಾನೇ ಹಾಗೆ ತಪ್ಪಿದಾಗ ನೆರೆಯ ಪಿಳ್ಳಮ್ಮ, “ಊರಿಗೆಲ್ಲ ಭಾಷಣ ಮಾಡೋರು, ಒಂದು ರಾಜನ್ನ ನೆಟ್ಟಗೆ ಕಳಿಸಿಕೊಡೋಕೆ ಬರಲ್ವಲ್ಲ ನಿಮಗೆ” ಎಂದು ಮೇಜನ್ನೆಲ್ಲ ನಗಿಸಿದ್ದಳು. ಅಲಮೇಲು ನಗಲಿಲ್ಲ. ನಿಯಮದಂತೆ ನನ್ನ ಅರಸನನ್ನು ತೆಗೆದಿಟ್ಟಳು. ನನ್ನ ಮಗಳಲ್ಲವೇ.

ಕಳೆದ ಬೇಸಿಗೆಯಲ್ಲಿ ಬಂಡೆ ಸಿಡಿದು ಸುರಂಗದ ಒಂದು ಕವಲು ಕುಸಿಯಿತು. ಅವಳು ಅಲ್ಲಿದ್ದಳು. ಮಣ್ಣು ಮಾಡಿದ ದಿನ ಸಂಪಂಗಿ ನನ್ನ ಪಾದ ಮುಟ್ಟಿ, “ಅವಳ ಆಟದಲ್ಲಿ ಒಂದಕ್ಷರ ಮುಟ್ಟಲ್ಲ ದೊಡ್ಡಪ್ಪ” ಎಂದ. ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ ಉಂಡವನು, ನಂಬಿದೆ.

ಆರು ತಿಂಗಳಿಗೆ ದುಂಡುಸಭೆಯ ಎಲೆಗಳ ಹೊಸ ಕಟ್ಟು ಬಂತು. ದೋಣಿಯವಳಿಗೆ ಅಲಮೇಲುವಿನ ಮುಖ, ಕೆಳಗೆ ಅವಳ ಹೆಸರು. ಹುಬ್ಬಿನ ಮೇಲಿನ ಗಾಯದ ಗುರುತನ್ನೂ ಅವನು ಬಿಟ್ಟಿರಲಿಲ್ಲ. ಸಂತೋಷಪಟ್ಟೆ, ಆಟ ಆ ಎಲೆಯವರೆಗೆ ಬರುವ ತನಕ. ನಿಯಮ ಬದಲಾಗಿತ್ತು. ಅರಸನನ್ನು ಕೂಡಲೇ ಕರೆತರಬೇಕಾದರೆ ದೋಣಿಯವಳನ್ನು ಮೇಜಿನ ನಡುವಿನ ಗುಣಿಗೆ ಎಸೆಯಬೇಕು. ಗುಣಿಗೆ ಬಿದ್ದ ಎಲೆ ಆಟಕ್ಕೆ ಮರಳದು. ನನ್ನೆದುರು ಕುಳಿತಿದ್ದವನು ಗಾಳಿಯಂತ್ರದ ಕೆಲಸಗಾರ, ನನ್ನ ಗುರುತಿಲ್ಲದವನು. “ಅಲಮೇಲು ಹೋದ್ಲು, ರಾಜ ಬಂದ” ಎಂದು ಎಲೆಯನ್ನು ಬೀಸಿ ಒಗೆದ. ಆ ಮಾತು ಆಗಲೇ ಎಲ್ಲ ಮೇಜುಗಳಲ್ಲೂ ರೂಢಿಯಾಗಿತ್ತು.

ಸಂಪಂಗಿಯನ್ನು ಕೇಳಿದೆ. “ನೆನಪಿಗೇಂತ ಬರೆದೆ ದೊಡ್ಡಪ್ಪ. ಎಲ್ಲರ ಕೈಯಲ್ಲೂ ಅವಳಿರ್ತಾಳಲ್ಲ” ಎಂದ. “ಕೈಯಲ್ಲಿ ಇರುತ್ತಾಳೋ, ಕೈಯಿಂದ ಹೋಗುತ್ತಾಳೋ? ವಿಭಕ್ತಿ ಸರಿಯಾಗಿ ಹೇಳು” ಎಂದೆ. ಅವನು ತಲೆ ತಗ್ಗಿಸಿ, “ಆಟ ಓಡಬೇಕಲ್ಲ. ಒಂದು ಸುತ್ತು ಕಾಯೋಕೆ ಯಾರಿಗೂ ತಾಳ್ಮೆ ಇಲ್ಲ” ಎಂದ. ಆ ಉತ್ತರದಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಆಟಸಭೆಯ ಮುಂದೆ ವಾದಿಸಿದೆ. ಎಲೆಯ ಮೇಲೆ ಯಾರ ಮುಖವಿದೆ ಎಂಬುದರಿಂದ ಅವರಿಗೆ ಗೌರವ ಬಾರದು; ಆಟ ಅವರಿಂದ ಏನು ಮಾಡಿಸುತ್ತದೆ ಎಂಬುದರಲ್ಲಿ ಗೌರವವೂ ಇದೆ, ಅವಮಾನವೂ ಇದೆ ಎಂದೆ. ಸಭೆ ತಲೆದೂಗಿತು. ಆಗ ಸಂಪಂಗಿ ಹಳೆಯ ಆಟಗಳನ್ನು ಕೂಡಿಟ್ಟ ಉಗ್ರಾಣದಿಂದ ನಿಮ್ಮ ಕಾಲದ ಮೂರು ಆಟದ ಪೆಟ್ಟಿಗೆ ತರಿಸಿ ತೆರೆದ. ಒಂದರಲ್ಲಿ ಕಿನ್ನರಿ, ಒಂದರಲ್ಲಿ ಮಾಟಗಾತಿ, ಒಂದರಲ್ಲಿ ದೋಣಿಯವಳು. ಮೂರರಲ್ಲೂ ಅರಸ ಮರಳಲು ಹೆಣ್ಣೊಬ್ಬಳನ್ನು ಎಸೆಯಬೇಕು. “ಹಿರಿಯರೇ ಹೀಗೆ ಕಟ್ಟಿದಾರೆ, ನಾನೇನು ಹೊಸದು ಮಾಡಿಲ್ಲ” ಎಂದ. ನಮ್ಮಲ್ಲಿ ಪೂರ್ವನಿದರ್ಶನವಿರುವ ನಿಯಮವನ್ನು ಅವಮಾನವೆನ್ನಲಾಗದು. ಇದಕ್ಕೆ ವಿರುದ್ಧವಾದ ಹಳೆಯ ಆಟ ಒಂದಾದರೂ ಉಂಟೇ ಎಂದು ಅಧ್ಯಕ್ಷರು ನನ್ನನ್ನು ಕೇಳಿದರು. ನಾನು ಕಂಡಿಲ್ಲವೆಂದು ಒಪ್ಪಿ, ಮರುವಿಚಾರಣೆ ಬೇಡಿ ಕುಳಿತುಕೊಂಡೆ. ಜೀವನದಲ್ಲಿ ಹಾಗೆ ಕುಳಿತದ್ದು ಅದೇ ಮೊದಲು.

ಆದ್ದರಿಂದ ನನ್ನ ಆರೋಪ ನಿಮ್ಮ ಮೇಲೂ ಇದೆ. ನೀವು ಆ ಕಥೆಗಳಿಂದ ಖಡ್ಗ ತೆಗೆದುಕೊಂಡಿರಿ, ಕೋಟೆ ತೆಗೆದುಕೊಂಡಿರಿ, ಕಿನ್ನರಿಯ ರೆಕ್ಕೆಯ ಬಣ್ಣವನ್ನೂ ಬಿಡಲಿಲ್ಲ; ಆ ಕಥೆಗಳು ಯಾವ ಕಂಬದ ಮೇಲೆ ನಿಂತಿದ್ದವೋ ಆ ಕೊಟ್ಟ ಮಾತನ್ನು ಮಾತ್ರ ಬಿಟ್ಟುಬಂದಿರಿ. ಅಜ್ಜಿಯ ಕಥೆಯಲ್ಲಿ ಮಾತು ಮುರಿದವನು ಕಲ್ಲಾಗುತ್ತಾನೆ. ನಿಮ್ಮ ಆಟದಲ್ಲಿ ಮಾತು ಮುರಿಯುವುದು ಒಂದು ಅಗ್ಗದ ನಡೆ. ಸಂಪಂಗಿ ಕಲಿತದ್ದು ನಿಮ್ಮಿಂದ. ಅವನನ್ನು ನಾನು ಕ್ಷಮಿಸುವುದಿಲ್ಲ, ನಿಮ್ಮನ್ನು ಕ್ಷಮಿಸುವ ಅಧಿಕಾರ ನನಗಿಲ್ಲ. ನಿಮ್ಮ ಮುಂದೆ ಇರುವುದು ಒಂದು ಬೇಡಿಕೆ.

ಈ ಪತ್ರವನ್ನು ಹಿಂದಣ ಕಾಲಕ್ಕೆ ಒಯ್ಯುವ ಹಿನ್ನಡೆ ಅಂಚೆ ಉತ್ತರ ತರುವುದಿಲ್ಲ. ನೀವು ಮಾಡಿಟ್ಟ ವಸ್ತುಗಳು ಮಾತ್ರ ನಮ್ಮನ್ನು ತಲುಪುತ್ತವೆ. ಉಗ್ರಾಣದಲ್ಲಿ ಯಾರೂ ತೆರೆಯದ ನಿಮ್ಮ ಪೆಟ್ಟಿಗೆಗಳು ಇನ್ನೂ ಬಹಳ ಇವೆ. ಒಂದೇ ಒಂದು ಆಟ ಕಟ್ಟಿ. ಅದರಲ್ಲಿ ಅರಸನಿಗಾಗಿ ಎಲ್ಲರೂ ಒಂದು ಸುತ್ತು ಕಾಯಲಿ. ದೋಣಿಯವಳು ಅವನ ಜೊತೆಗೇ ಕೈಗೆ ಮರಳಲಿ. ಅದು ಜನಪ್ರಿಯವಾಗಬೇಕಿಲ್ಲ, ಅಂದವಾಗಿರಬೇಕಿಲ್ಲ, ಪೂರ್ತಿ ಮುಗಿದಿರಬೇಕೆಂದೂ ಇಲ್ಲ. ಮರುವಿಚಾರಣೆ ಮುಂದಿನ ತಂಪುಮಾಸಕ್ಕಿದೆ; ಅಷ್ಟರೊಳಗೆ ಒಂದೊಂದಾಗಿ ಪೆಟ್ಟಿಗೆ ಬಿಚ್ಚಲು ಅನುಮತಿ ಪಡೆದಿದ್ದೇನೆ. ಅಲಮೇಲುವಿನ ಹೆಸರು ಬರೆಯಬೇಡಿ, ಮುಖವೂ ಬೇಡ. ನಿಯಮ ಓದಿದರೆ ನನಗೆ ಗೊತ್ತಾಗುತ್ತದೆ.

ಕೋದಂಡಪ್ಪ