ಅರಮನೆಯ ಎರಡನೇ ಕಿಟಕಿ

ಕಂದಾ ರೇಲು,

ಈ ವಸಂತಕ್ಕೆ ನನ್ನನ್ನು ಅರಮನೆಯ ಕೆಲಸದಿಂದ ಬಿಡಿಸುತ್ತಾರೆ. ವಯಸ್ಸಾಯಿತಂತೆ. ಮೂಲೆಯ ಕುರ್ಚಿಯಲ್ಲಿ ಕೂತು "ಚಿತ್ರ ಮುಟ್ಟಬೇಡಿ" ಎಂದು ಹೇಳುವುದಕ್ಕೆ ಎಂಥ ಪ್ರಾಯ ಬೇಕೋ ನಾನು ಕಾಣೆ. ಇರಲಿ. ಹೋಗುವ ಮುನ್ನ ನಿನಗೊಂದು ಮಾತು ಹೇಳಬೇಕಿದೆ, ಅದಕ್ಕೇ ಈ ಕಾಗದ.

ಎಂಬತ್ತೊಂಬತ್ತರ ಆ ಡಿಸೆಂಬರಿನಲ್ಲಿ ನಿನ್ನ ಸುದ್ದಿ ತಂದವನು ನಿನ್ನ ಜೊತೆಗಿದ್ದ ಸಿಪಾಯಿ. ಸರ್ಕಾರ ಉರುಳಿತ್ತು, ಬುಕಾರೆಸ್ಟ್ ತುಂಬ ಗುಂಡು ಹಾರುತ್ತಿತ್ತು. "ಅರಮನೇಲಿ, ಚೌಕದ ಕಡೆ ಎರಡನೇ ಕಿಟಕಿ ಹತ್ರ ಬಿದ್ದ ಅಮ್ಮಾ. ಒಳಗೆಲ್ಲ ಕತ್ತಲು. ಯಾರು ಹೊಡೆದ್ರೋ ಯಾರಿಗೂ ಗೊತ್ತಿಲ್ಲ," ಅಂದ. ನಾನು ಕೇಳಿದ್ದು ಒಂದೇ ಮಾತು: "ಕೈಗೆ ಮೇಣದಬತ್ತಿ ಕೊಟ್ರೇನಪ್ಪಾ?" ಅವನು ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದ. "ಕಡ್ಡಿ ಗೀರಿದ್ರೆ ನಮ್ಮನ್ನೂ ಉಳಿಸ್ತಿರ್ಲಿಲ್ಲ, ಅಮ್ಮಾ."

ಅವನು ಪೇಟೆಯ ಹುಡುಗ, ಅವನಿಗೇನು ಗೊತ್ತು. ನಿನ್ನಜ್ಜಿ ನೆರೆಹೊರೆಯವರ ಜೊತೆ ಎಷ್ಟು ಜಗಳವಾಡಿದರೂ "ಬೆಳಕಿಲ್ಲದೆ ಸಾಯಿ" ಎಂಬ ಶಾಪವನ್ನು ಮಾತ್ರ ಬಾಯಿಂದ ತೆಗೆದವಳಲ್ಲ. ಪ್ರಾಣ ಹೋಗುವಾಗ ಕೈಯಲ್ಲಿ ಬತ್ತಿ ಉರಿಯದಿದ್ದರೆ ಹೋದವನಿಗೆ ದಾರಿ ಕಾಣುವುದಿಲ್ಲ, ಬಿದ್ದಲ್ಲೇ ಉಳಿಯುತ್ತಾನೆ. ಗೋಧಿ ಬೇಯಿಸಿ, ಸಕ್ಕರೆ, ಅಕ್ರೋಟು ಬೆರೆಸಿ ನಿನ್ನ ಹೆಸರಿನಲ್ಲಿ ಊರಿಗೆಲ್ಲ ಹಂಚಿದೆ. ಪಾದ್ರಿ ಎಲ್ಲ ನಿನಗೆ ಮುಟ್ಟಿತು ಎಂದರು. ನನಗೆ ನಂಬಿಕೆ ಬರಲಿಲ್ಲ.

ಆ ಗುಂಡಿನ ಗಲಾಟೆಯಲ್ಲಿ ಸುಟ್ಟಿದ್ದನ್ನು ರಿಪೇರಿ ಮಾಡಿ ಅರಮನೆಯ ಚಿತ್ರಶಾಲೆಯನ್ನು ಮತ್ತೆ ತೆರೆದಾಗ ಕೆಲಸ ಕೇಳಿಕೊಂಡು ಹೋದೆ, ನೀನು ಬಿದ್ದ ಕೋಣೆಯ ಕಾವಲನ್ನೇ ಬೇಡಿ ಪಡೆದೆ. ಅಲ್ಲಿ ರಾಜರಿದ್ದರು, ಅವರನ್ನು ಓಡಿಸಿದರು. ಕಮ್ಯುನಿಸ್ಟ್ ಪಕ್ಷದವರು ಬಂದು ಕೂತರು, ಅವರೂ ಓಡಿದರು. ಉಳಿದದ್ದು ಚಿತ್ರಗಳು ಮತ್ತು ನೀನು. ಈಗ ಮದುಮಕ್ಕಳು ಮೆಟ್ಟಿಲ ಮೇಲೆ ಫೋಟೊ ತೆಗೆಸಿಕೊಳ್ಳುತ್ತಾರೆ, ಸಿಂಹಾಸನದ ಕೋಣೆಯಲ್ಲಿ ಪಿಟೀಲು ಕಛೇರಿ ನಡೆಯುತ್ತದೆ. ನಿನ್ನ ಕಿಟಕಿಯ ಪಕ್ಕದ ಗುಂಡಿನ ತೂತುಗಳಿಗೆ ಗಾರೆ ಮೆತ್ತಿ, ಮೇಲೆ ಕುರಿ ಮೇಯುವ ಚಿತ್ರ ನೇತುಹಾಕಿದ್ದಾರೆ.

ಸಂಜೆ ಜನ ಕರಗುತ್ತಿದ್ದಂತೆ ಆ ಕಿಟಕಿಯ ಕೆಳಗೆ ಮರದ ನೆಲ ಕಿರುಗುಟ್ಟುತ್ತಿತ್ತು. ನೆನೆದ ಸಿಪಾಯಿ ಕೋಟಿನ ವಾಸನೆ ಬರುತ್ತಿತ್ತು. ಪಕ್ಕದ ಕೋಣೆ ಕಾಯುವ ಅಗ್ಲಾಯಾ ನಗುತ್ತಿದ್ದಳು: "ಹೀಟರ್ ಹಾಕಿದ್ರೆ ಹಲಗೆ ಕಿರುಗುಟ್ಟತ್ತೆ ಕಣೇ, ಅದು ನಿನ್ನ ಮಗ ಅಲ್ಲ." "ಬೇಸಿಗೇಲಿ ಯಾವ ಹೀಟರೇ, ನಿನ್ನ ತಲೆ?" ಎಂದೆ. ಆಮೇಲೆ ಅವಳು ಸಂಜೆ ಒಬ್ಬಳೇ ನನ್ನ ಕೋಣೆ ದಾಟುತ್ತಿರಲಿಲ್ಲ.

ಬತ್ತಿ ಹಚ್ಚಲು ಬಿಡಿ ಎಂದು ಮೇಲಿನವರನ್ನೆಲ್ಲ ಕೇಳಿದೆ. ಚಿತ್ರಗಳಿರುವ ಕಡೆ ಬೆಂಕಿ ಕೂಡದು, ಅಷ್ಟೇ. ಅರಮನೆಗೆ ಹಿಡಿಶಾಪ ಹಾಕುತ್ತ, ಕೋಟಿನ ಜೇಬಿನಲ್ಲಿ ಬತ್ತಿ ಇಟ್ಟುಕೊಂಡೇ ವರ್ಷಗಳು ಕಳೆದವು.

ಹೋದ ಡಿಸೆಂಬರಿನಲ್ಲಿ, ಹಿಂದೆ ಓಡಿಸಿದ್ದ ರಾಜ ಹೆಣವಾಗಿ ಮನೆಗೆ ಬಂದ. ಸಿಂಹಾಸನದ ಕೋಣೆಯಲ್ಲಿ ಪೆಟ್ಟಿಗೆ ಇಟ್ಟರು. ಸುತ್ತ ಮೇಣದಬತ್ತಿಗಳು ಧಗಧಗ ಉರಿಯುತ್ತಿದ್ದವು. ಆ ಮುದುಕನ ಮೇಲೆ ನನಗೆ ಕೋಪವಿಲ್ಲ, ಅವನೂ ಹೊರಗೇ ಅಲೆದವನು. ಆದರೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಸಾಲಿನಲ್ಲಿ ನಿಂತೆ, ಅವನಿಗೆ ತಲೆಬಾಗಿದೆ, ಅವನ ಬತ್ತಿಯಿಂದಲೇ ನನ್ನದನ್ನು ಹೊತ್ತಿಸಿಕೊಂಡು, ಅಂಗೈಯಿಂದ ಮರೆಮಾಡಿ ನಿನ್ನ ಕೋಣೆಯತ್ತ ನಡೆದೆ.

ಬಾಗಿಲಲ್ಲಿ ಕಾವಲಿನ ಮುಖ್ಯಸ್ಥ ಪಂದೇಲೆ ಅಡ್ಡ ಬಂದ. "ಸಾಫ್ತಕ್ಕಾ, ತಲೆ ಗಿಲೆ ಕೆಟ್ಟಿದ್ಯಾ? ಆರ್ಸು ಮೊದ್ಲು!"

"ಅಲ್ಲಿ ಉರೀತಿರೋದೇನು, ಮೂಲಂಗಿನಾ?"

"ಅದು ರಾಜಂದು, ಅಕ್ಕಾ."

"ಇದು ರೇಲುದು."

ಅವನು ಟೋಪಿ ತೆಗೆದ. ಬೆನ್ನು ತಿರುಗಿಸಿ ಬಾಗಿಲಿಗೆ ಅಡ್ಡ ನಿಂತ. "ಬೇಗ ಮುಗ್ಸು," ಅಂದ.

ಕಿಟಕಿಯ ಬಳಿ ಹೋದೆ. ನೆಲ ಕಿರುಗುಟ್ಟಿತು. ಆಗ ನನಗೆ ಏನನ್ನಿಸಿತು ಗೊತ್ತೇ, ಕಂದಾ? ಊದಿ ಆರಿಸಿಬಿಡೋಣ ಅನ್ನಿಸಿತು. ದಾರಿ ಕಂಡರೆ ನೀನು ಹೋಗಿಬಿಡುತ್ತೀಯ. ಬೆಂಕಿ ಕೂಡದು ಎಂದ ಅರಮನೆಯೇ ಇಷ್ಟು ದಿನ ನಿನ್ನನ್ನು ನನ್ನ ಬಳಿ ಉಳಿಸಿತ್ತು. ಉಸಿರೂ ತುಂಬಿಕೊಂಡೆ. ಆದರೆ ನಿನಗಿನ್ನೂ ಹತ್ತೊಂಬತ್ತು. ಚಿಕ್ಕವನಿದ್ದಾಗ ಕತ್ತಲಲ್ಲಿ ನೀರು ಕುಡಿಯಲೂ ಏಳದವನು. ತುಂಬಿಕೊಂಡ ಉಸಿರನ್ನು ಮೆಲ್ಲನೆ ಪಕ್ಕಕ್ಕೆ ಬಿಟ್ಟೆ. ಮಂಡಿ ಮಡಿಸಲಾರದೆ ಮಡಿಸಿ, ಬಿದ್ದವನ ಕೈ ಇರುವಷ್ಟು ಕೆಳಗೆ ಬತ್ತಿಯನ್ನು ಹಿಡಿದೆ. ಅದು ಬೆರಳು ಸುಡುವವರೆಗೂ ಹಿಡಿದಿದ್ದೆ.

ಅಂದಿನಿಂದ ಹಲಗೆ ಸದ್ದು ಮಾಡಿಲ್ಲ. ಒದ್ದೆ ಕೋಟಿನ ವಾಸನೆಯೂ ಇಲ್ಲ. ಅಗ್ಲಾಯಾ ಈಗ ಧೈರ್ಯವಾಗಿ ಬಂದು ನನ್ನ ಪಕ್ಕ ಕೂತು ಸ್ವೆಟರ್ ಹೆಣೆಯುತ್ತಾಳೆ. ನಾನು ಬೇಡಿದ್ದು ಸಿಕ್ಕಿತು, ಕಂದಾ, ಈಗ ಅದನ್ನು ತಾಳಲಾರೆ. ನನ್ನ ಪಾಲಿಗೆ ನೀನು ಸತ್ತದ್ದು ಈ ಚಳಿಗಾಲದಲ್ಲಿ.

ಹೋಗು ಮಗನೇ, ಬೆಳಕಿದ್ದ ಕಡೆ ನಡೆ. ಮುಂದೆ ನಾನು ಅಳುತ್ತ ನಿನ್ನನ್ನು ಕೂಗಿ ಕರೆಯುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಕರೆದರೂ ಬರಬೇಡ.

ಮಣ್ಣು ನಿನಗೆ ಹಗುರವಾಗಿರಲಿ.

ನಿನ್ನನ್ನು ಹೆತ್ತವಳು,
ಸಾಫ್ತಾ