ಅಕ್ಕ ಕಲಸುತ್ತಿದ್ದ ಪುಡಿ

ಪೂಜ್ಯ ಅಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಅಳಿಯನ ಎರಡನೆಯ ಹೆಂಡತಿ ಬರೆಯುತ್ತಿದ್ದೇನೆ. ಇವರು ಚೆನ್ನಾಗಿದ್ದಾರೆ. ಹೃದಯಕ್ಕೂ ರೋಗನಿರೋಧಕ ಶಕ್ತಿಗೂ ಒಳ್ಳೆಯದೆಂದು ನಿಮ್ಮ ಮಗಳು ದಿನಾ ಕಲಸಿ ಕೊಡುತ್ತಿದ್ದ ಬೀಟಾ ಗ್ಲುಕಾನ್ ನಾರಿನ ಪುಡಿಯನ್ನು, ಅಕ್ಕ ತೀರಿಕೊಂಡ ಮೇಲೆ ಇವರು ಮುಟ್ಟಿರಲಿಲ್ಲ. ಡಾಕ್ಟರು ಮತ್ತೆ ಶುರು ಮಾಡಿ ಎಂದರು. ನಾನು ಕಲಸಿದರೆ ಗಂಟುಗಂಟಾಗುತ್ತಿತ್ತು. ಇವರು ಲೋಟ ನೋಡಿ, "ಇಟ್ಟಿರು, ಆಮೇಲೆ ಕುಡೀತೀನಿ" ಎನ್ನುತ್ತಿದ್ದರು. ಸಂಜೆ ನಾನೇ ಸಿಂಕಿಗೆ ಸುರಿಯುತ್ತಿದ್ದೆ.

ಹೋದ ವಾರ ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದಾಗ ಅಡುಗೆಮನೆಯಲ್ಲಿ ಲೋಟಕ್ಕೆ ಚಮಚ ತಾಗುವ ಸದ್ದು ಕೇಳಿತು. ಹೋಗಿ ನೋಡಿದರೆ ಇವರು ಎರಡು ಲೋಟಗಳಲ್ಲಿ ಪುಡಿ ಕಲಸುತ್ತಿದ್ದರು. ಹುಡುಕಿದರೂ ಒಂದು ಗಂಟೂ ಇರಲಿಲ್ಲ.

"ಯಾರು ಹೇಳಿಕೊಟ್ರು?" ಎಂದೆ.

"ಅವಳೇ. ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪ ಪುಡಿ ಅಂದ್ಲು. ಈಗ ತಾನೇ ಒಲೆ ಪಕ್ಕ ನಿಂತಿದ್ಲಲ್ಲ."

ಪಕ್ಕದ ಮನೆಯವರು ಬಂದು ಹೋದರು ಎನ್ನುವಷ್ಟು ಸಲೀಸಾಗಿ ಹೇಳಿದರು. ನಾನು ಒಲೆಯತ್ತ ತಿರುಗಿ ನೋಡಿದೆ. ಇವರು ಒಂದು ಲೋಟ ಗಟಗಟ ಕುಡಿದು, ಇನ್ನೊಂದನ್ನು ನನ್ನತ್ತ ಸರಿಸಿದರು.

"ನಿನಗೂ ಕೊಡು ಅಂದ್ಲು."

ಕುಡಿದೆ ಅಮ್ಮ. ಆಮೇಲೆ ಒಲೆಯ ಪಕ್ಕ ಕಾಲಿಡದೆ ಸುತ್ತಿಕೊಂಡು ಹೋಗಿ ಲೋಟ ತೊಳೆದೆ. ಈಗಲೂ ಹಾಗೇ ಓಡಾಡುತ್ತೇನೆ. ಇವರು ಒಂದು ದಿನವೂ ತಪ್ಪಿಸದೆ ಕುಡಿಯುತ್ತಿದ್ದಾರೆ, ಅದಕ್ಕೇ ಏನೂ ಕೇಳಲು ಹೋಗಿಲ್ಲ.

ಒಂದು ಉಪಕಾರವಾಗಬೇಕು. ನಾನು ಈ ಮನೆಗೆ ಬರುವ ಮುಂಚೆ ಇವರು ಅಕ್ಕನ ಫೋಟೋಗಳನ್ನೆಲ್ಲ ನಿಮಗೆ ಕಳಿಸಿಬಿಟ್ಟರಂತೆ. ಒಂದನ್ನಾದರೂ ವಾಪಸು ಕಳಿಸಿಕೊಡಿ. ಮುಖ ಗೊತ್ತಿಲ್ಲದವರಿಗೆ ದಿನಾ ದಾರಿ ಬಿಟ್ಟು ನಡೆಯುವುದು ಕಷ್ಟವಾಗುತ್ತಿದೆ.

ಇಂತಿ,
ಮಗಳೆಂದು ಬರೆಯಲು ಸಂಕೋಚಪಡುವ
ನಿಮ್ಮವಳು